ಲೆಕ್ಕಕ್ಕೆ ಸಿಗದ ಕರೆಂಟು

ಮತ್ತಿಕೆರೆ, ಮೂರನೇ ಅಡ್ಡರಸ್ತೆ.
ಬಾಗಿಲು ತೆಗೆದವರೇ ಬೈದರು ವನಜಾಕ್ಷಮ್ಮ:
"ನಿನ್ನ ಹೊಸ ಡಬ್ಬಿ ಸರಿಯಿಲ್ಲ, ಮುನಿಕೃಷ್ಣ.
ಓವನ್ ಹಾಕಿದ್ರೆ ಸಾಕು, ಮನೆಯೆಲ್ಲ ಕತ್ತಲು.
ಹಳೇ ಫ್ಯೂಸು ಒಂದು ದಿನ ಹೀಗೆ ಮಾಡ್ಲಿಲ್ಲ."

ಅಡುಗೆಕಟ್ಟೆಯ ಮೇಲೆ ಅದು ಕೂತಿತ್ತು ದುಂಡಗೆ,
ಅಲ್ಯೂಮಿನಿಯಂ ಮೈ, ಮುಚ್ಚಳದಲ್ಲಿ ಗಾಜಿನ ಒಂದು ಕಣ್ಣು,
ಎಂಬತ್ತೇಳರಲ್ಲಿ ಚೀಟಿ ಎತ್ತಿದ ದುಡ್ಡಲ್ಲಿ ಕೊಂಡದ್ದು.
ಪಕ್ಕದ ತಟ್ಟೆಯಲ್ಲಿ ಖಾರ ಬಿಸ್ಕತ್ತಿನ ಹಿಟ್ಟು,
ಹಸಿಮೆಣಸಿನಕಾಯಿ, ಹೆಚ್ಚಿದ ಕರಿಬೇವು.
ಶುಕ್ರವಾರದ ಚೀಟಿಗೆ ಮೂವತ್ತೆರಡು ಹೆಂಗಸರು.

ಪ್ಲಗ್ ಕಿತ್ತೆ. ಡಬ್ಬಿಯ ಕಡ್ಡಿ ಎತ್ತಿದೆ, ನಿಂತಿತು.
ಮಿಕ್ಸಿ ಓಡಿಸಿದೆ, ಇಸ್ತ್ರಿಪೆಟ್ಟಿಗೆ, ಗೀಸರ್.
ನಿಂತೇ ಇತ್ತು.
ಓವನ್ನಿನ ಸ್ವಿಚ್ಚು ಒತ್ತಿದೆ. ಟಪ್.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.

"ನೋಡಿದ್ಯಾ? ಕಿತ್ತುಹಾಕು ಅದನ್ನ, ನೇರ ಕೊಟ್ಬಿಡು."
ಎಲ್ಲ ಮನೆಯಲ್ಲೂ ಹೀಗೇ ಹೇಳುತ್ತಾರೆ.
ಕರೆಂಟಿನ ಪಾಠ ಯಾರಿಗೂ ಬೇಡ. ಆದರೆ ಇವರು
ನಲವತ್ತು ವರ್ಷ ಚೀಟಿ ನಡೆಸಿದವರು, ಹಾಗಾಗಿ ಅಂದೆ:
"ಅಮ್ಮಾ, ಇದು ಲೆಕ್ಕ ಬರೆಯೋ ಡಬ್ಬಿ.
ಒಂದು ತಂತೀಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬರಬೇಕು.
ಮೂವತ್ತು ಪೈಸೆ ಕಮ್ಮಿಯಾದ್ರೂ
ಪುಸ್ತಕ ಮುಚ್ಚಿಬಿಡುತ್ತೆ."

ಲೆಕ್ಕದ ಮಾತಿಗೆ ಅವರಿಗೆ ಬೇರೆಯೇ ಕಿವಿ.
"ಹಾಗಾದ್ರೆ ಆ ಮೂವತ್ತು ಪೈಸೆ ಎಲ್ಲಿಗೆ ಹೋಗ್ತಿದೆ?"
"ಕಾಯಿಲ್ಲು ಹಳೇದು, ತೇವ ಕುಡಿದಿದೆ, ತಗಡಿಗೆ ಸೋರುತ್ತೆ.
ಈಗ ಮೂರು ಪಿನ್ನಿನ ಪ್ಲಗ್ ಹಾಕಿದೀನಲ್ಲ,
ಹಸಿರು ತಂತಿ ಹಿಡಿದು ಮಣ್ಣಿಗಿಳಿಯುತ್ತೆ."
"ಮುಂಚೆ?"
"ಮುಂಚೆ ಎರಡೇ ಪಿನ್ನು. ಇಳಿಯೋಕೆ ದಾರಿ..."
ಅಲ್ಲಿಗೇ ನಿಲ್ಲಿಸಿದೆ.
ರೆಡ್ ಆಕ್ಸೈಡ್ ನೆಲ, ಆಗಷ್ಟೇ ಒರೆಸಿದ್ದು.
ಅದರ ಮೇಲೆ ಅವರ ಬರಿಗಾಲು.

ಸ್ಟೂಲೆಳೆದು ಕೂತರು. ಹಿಟ್ಟಿನ ತಟ್ಟೆಗೆ ಹೇಳುವಂತೆ ಹೇಳಿದರು:
"ಮುಚ್ಚಳ ಮುಟ್ಟಿದಾಗಲೆಲ್ಲ ಜುಮ್ ಅನ್ನೋದು,
ಮೊಣಕೈವರೆಗೂ ಇರುವೆ ಹತ್ತಿದ ಹಾಗೆ.
ನರ ದೌರ್ಬಲ್ಯ ಅಂದ್ರು ನಮ್ಮತ್ತೆ.
ಮಲ್ಲೇಶ್ವರದ ಡಾಕ್ಟ್ರು ಗುಲಾಬಿ ಮಾತ್ರೆ ಕೊಟ್ರು,
ಎರಡು ವರ್ಷ ನುಂಗಿದೆ.
ಇವರು ಫ್ಯಾಕ್ಟರಿಯಿಂದ ಬಂದೋರು
ಶೂ ಸಮೇತ ಅಡುಗೆಮನೆಗೆ ನುಗ್ಗಿ
ತಗಡಿನ ಮೇಲೆ ಅಂಗೈ ಇಟ್ಟು ತೋರಿಸಿದ್ರು:
'ನೋಡು, ನಂಗೇನೂ ಆಗಲ್ವಲ್ಲ!'"

ಆ ಶೂಗಳ ಅಟ್ಟೆ ಯಾವುದರದ್ದೆಂದು ನಾನು ಹೇಳಲಿಲ್ಲ.
ಹೇಳಬೇಕಾಗಲೂ ಇಲ್ಲ. ಕೊಂಚ ಹೊತ್ತು ಬಿಟ್ಟು
"ಶೂ ಬಿಚ್ಚಿ ಮುಟ್ರೀ ಅನ್ನಬೇಕಿತ್ತು" ಎಂದು ನಕ್ಕರು,
ಗೋಡೆಯ ಫೋಟೋ ಕಡೆ ತಿರುಗದೆ.

ಹೊಸ ಕಾಯಿಲ್ಲು ಎಸ್.ಪಿ. ರೋಡಲ್ಲಿ ಸಿಗಬಹುದು,
ನಾನೂರೈವತ್ತು. ಸಿಗದಿದ್ದರೆ ಗುಜರಿ.
ಹಳೇ ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ.
ಕೂಲಿ ಇನ್ನೂರು, ಜೊತೆಗೆ
ಫ್ಯೂಸಿನ ಕಾಲದ ಕೊನೆಯ ಎರಡು ಬಿಸ್ಕತ್ತು,
ಒಂದು ಕಡೆ ಸೀದದ್ದು.
ಅದು ಯಾವತ್ತೂ ಎಡಮಗ್ಗುಲು ಸುಡುತ್ತಿತ್ತಂತೆ.

ಹೊರಟಾಗ ಕೇಳಿದರು: "ಆ ಕಡ್ಡಿ ಎತ್ತೋದು ಹ್ಯಾಗೆ?"
ತೋರಿಸಿದೆ. ತಾವೇ ಎತ್ತಿದರು.
ತಾವೇ ಹೋಗಿ ಓವನ್ನಿನ ಸ್ವಿಚ್ಚು ಒತ್ತಿದರು. ಟಪ್.
"ಇದಕ್ಕೆ ಶೂ ಇಲ್ಲ ನೋಡು" ಅಂದರು.

ಬ್ಯಾಗು ಗಾಡಿಗೆ ಸಿಕ್ಕಿಸಿ
ಗೇಟಿನ ಚಿಲಕ ಹಾಕುತ್ತಿದ್ದೆ.
ಒಳಗಿಂದ ಮತ್ತೆ, ಟಪ್.